ಆರು ಅಂಕ ಕಡಿಮೆ ಬಿದ್ದ ವರ್ಷ

ಲಾ ಕಾಲೇಜಿನ ಪ್ರವೇಶದ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತರು ನನ್ನ ಅಂಕಪಟ್ಟಿಯನ್ನು ಪೂರ್ತಿ ಓದಲಿಲ್ಲ. ಕೆಳಗಿನ ಮೊತ್ತದ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಯಿಂದ ಕ್ಯಾಲ್ಕುಲೇಟರ್ ಒತ್ತಿ, ಅದನ್ನು ನನ್ನ ಕಡೆ ತಿರುಗಿಸಿದರು. ನಲವತ್ತೊಂದು.

"ನಿಮ್ಮ ವರ್ಗಕ್ಕ ನೂರಕ್ಕ ನಲವತ್ತೆರಡು ಬೇಕ್ರಿ. ಆರನೂರಕ್ಕ ಇನ್ನೂರಾ ಐವತ್ತೆರಡು. ನಿಮ್ದು ಇನ್ನೂರಾ ನಲವತ್ತಾರು."

"ಬರೇ ಆರು ಅಂಕ ಅಲ್ರಿ?"

"ಆರು ಯಾಕ, ಅರ್ಧಾ ಕಡಿಮಿ ಬಿದ್ರೂ ನಾವು ಮ್ಯಾಲ ಎಳ್ಯಾಕ ಬರೂದಿಲ್ಲ. ವಯಸ್ಸಿಂದು ತಕರಾರಿಲ್ಲ. ಖಾಸಗಿ ಕಟ್ಟಿ ಪಾಸಾಗೀರಿ, ಅದಕ್ಕೂ ತಕರಾರಿಲ್ಲ. ಅಂಕದ್ದು ಮಾತ್ರ ಯಾರ ಕೈಯಾಗೂ ಇಲ್ಲ."

ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದೆ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು, "ಕಾಕಾ, ಮಗಳದ್ದೇನ್ರಿ?"

"ನಂದs."

ಅವಳು ನಗಲಿಲ್ಲ. ಅದಕ್ಕೇ ಅವಳ ಮುಂದಿನ ಮಾತು ಕೇಳಿಸಿಕೊಂಡೆ. ಈಗ ಪಿಯುಸಿಗೆ ಒಂದು ವರ್ಷದಲ್ಲಿ ಮೂರು ಪರೀಕ್ಷೆ; ಮೊದಲನೆಯದರಲ್ಲಿ ಕಡಿಮೆ ಬಂದರೆ ಎರಡನೆಯದು, ಅದೂ ಸಾಲದಿದ್ದರೆ ಮೂರನೆಯದು; ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತದೆ. ಆದರೆ ಪಾಸಾದವರನ್ನು ಮತ್ತೆ ಕೂರಿಸುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. "ನಿಮ್ಮ ಕಾಲೇಜಿನ್ಯಾಗ ಕೇಳ್ರಿ ಕಾಕಾ," ಅಂದಳು.

ನಾನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸುವ ಕುಲುಮೆ ನೋಡಿಕೊಳ್ಳುವವನು. ಮನೆ ಖಾನಾಪುರ, ದಿನಾ ಬಸ್ಸು. ಸಾಲಿ ಬಿಟ್ಟದ್ದು ಒಂಬತ್ತನೇ ಇಯತ್ತೆಗೆ. ನಮ್ಮ ಪಾಳಿಯಲ್ಲೊಬ್ಬನ ಕಾಲಿಗೆ ಕರಗಿದ ಕಬ್ಬಿಣ ಸಿಡಿದು ಖಟ್ಲೆ ನಡೆದಾಗ ಸಾಕ್ಷಿ ಹೇಳಲು ಹೋಗಿದ್ದೆ. ಕೇಳಿದ್ದಕ್ಕಿಂತ ನಾಲ್ಕು ಮಾತು ಹೆಚ್ಚು ಹೇಳಿದೆ. "ಇವರು ಸಾಕ್ಷಿ, ವಕೀಲರಲ್ಲ" ಅಂದರು ಎದುರಿನ ವಕೀಲರು. ನ್ಯಾಯಾಧೀಶರು ಹೌದೆಂದರು. ಅದು ಸರಿಯಾದ ಮಾತೇ. ಆದರೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಸಿಕ್ಕಿಸಿಕೊಳ್ಳುವಷ್ಟರಲ್ಲಿ, ಹಾಗಾದರೆ ವಕೀಲನೇ ಆಗುತ್ತೇನೆ ಎಂದು ನಿರ್ಧಾರವಾಗಿತ್ತು. ಹತ್ತನೆಯದು ಹೊರಗಿನಿಂದ ಕಟ್ಟಿದೆ. ಆಮೇಲೆ ಖಾನಾಪುರದ ಕಾಲೇಜಿನ ಮೂಲಕ ಪಿಯುಸಿ ಕಲಾ ವಿಭಾಗ ಕಟ್ಟಿದೆ. ಫೌಂಡ್ರಿಯಲ್ಲಿ ಅಷ್ಟೊತ್ತಿಗೆ ನನಗೆ ವಕೀಲಸಾಹೇಬ ಎಂದೇ ಹೆಸರು ಬಿದ್ದಿತ್ತು. ಅದರಲ್ಲಿ ಅರ್ಧ ಚೇಷ್ಟೆ. ನಾನದನ್ನು ಪೂರ್ತಿ ಖರೇ ಮಾಡಿ ತೋರಿಸುವವನಿದ್ದೆ. ಈ ವರ್ಷವೇ ಸೇರುತ್ತೇನೆ ಎಂದು ಎಲ್ಲರೆದುರು ಹೇಳಿಯೂ ಬಿಟ್ಟಿದ್ದೆ.

ಮರುದಿನ ಕುಲುಮೆಗೆ ಹೊಸ ಲೈನಿಂಗ್ ಹಾಕುವುದಿತ್ತು. ಲೈನಿಂಗ್ ಅಂದರೆ ಕುಲುಮೆಯ ಒಳಗೋಡೆ. ಹಳೆಯದನ್ನು ಒಡೆದು ತೆಗೆದು, ನಡುವೆ ತಗಡಿನ ದೊಡ್ಡ ಡಬ್ಬಿ ಇಳಿಸಿ, ಡಬ್ಬಿಗೂ ಹೊರಗಿನ ತಾಮ್ರದ ಸುರುಳಿಗೂ ನಡುವಿನ ಸಂದಿಯಲ್ಲಿ ಬಿಳಿ ಕಲ್ಲಿನ ಪುಡಿ ತುಂಬಬೇಕು. ಒಂದು ಗೇಣು ತುಂಬಿ, ಕಬ್ಬಿಣದ ಕಡ್ಡಿಯಿಂದ ಚುಚ್ಚಿ ಚುಚ್ಚಿ ಒಳಗಿನ ಗಾಳಿ ತೆಗೆದು, ಮ್ಯಾಲಿನ ಪದರು ಕೆರೆದು, ಮತ್ತೆ ಒಂದು ಗೇಣು. ಎಲ್ಲಿಯಾದರೂ ಗಾಳಿ ಉಳಿದರೆ ಅಲ್ಲೇ ಕರಗಿದ ಕಬ್ಬಿಣ ದಾರಿ ಮಾಡಿಕೊಂಡು ತಾಮ್ರದ ಸುರುಳಿ ತಲುಪುತ್ತದೆ. ಸುರುಳಿಯೊಳಗೆ ನೀರು ಓಡುತ್ತಿರುತ್ತದೆ. ನೀರಿಗೂ ಕರಗಿದ ಕಬ್ಬಿಣಕ್ಕೂ ಭೇಟಿಯಾದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅದಕ್ಕೇ ಆ ಕೆಲಸವನ್ನು ನಾನು ಯಾರ ಕೈಗೂ ಕೊಟ್ಟವನಲ್ಲ.

ಕಡ್ಡಿ ಒಂದು ಕೈಯಲ್ಲಿ ಹಿಡಿದೇ ಖಾನಾಪುರದ ಕಾಲೇಜಿಗೆ ಫೋನ್ ಹಚ್ಚಿದೆ. ಎತ್ತಿದವರು ಕಚೇರಿಯ ಕ್ಲರ್ಕ್ ಅಕ್ಕಾರು, ಬೈಲಹೊಂಗಲ ಕಡೆಯವರು. ನನ್ನ ಎರಡೂ ವರ್ಷದ ಫಾರ್ಮು ತುಂಬಿಸಿದವರು ಅವರೇ.

"ಅಕ್ಕಾರ, ಎರಡನೇ ಪರೀಕ್ಷಾಕ್ಕ ಕುಂದರಬೇಕಂತ ಮಾಡೀನ್ರಿ. ಪಾಸಾಗೇನಿ, ಖರೆ ಅಂಕ ಕಡಿಮಿ ಬಿದ್ದಾವು."

"ಅವಕಾಶ ಐತ್ರಿ. ಬಂದು ಫಾರ್ಮ ತುಂಬ್ರಿ."

"ಹಂಗಾರ ಬರ್ತೀನ್ರಿ," ಅಂದೆ. ಹಗುರಾದೆ. ಫೋನ್ ಕಿಸೆಗೆ ಹಾಕಿ ಮತ್ತೆ ಕಡ್ಡಿ ಹಿಡಿದೆ.

ಆ ದಿನ ಪುಡಿ ತುಂಬಿ ಮುಗಿಸಿದೆ. ಮಾರನೆಯ ದಿನ ಅದನ್ನು ಕಾಯಿಸುವುದು. ಹಸಿ ಗೋಡೆಯನ್ನು ಅವಸರ ಮಾಡದೆ, ಒಂದೊಂದೇ ಮೆಟ್ಟಿಲು ಶಾಖ ಏರಿಸುತ್ತ, ಕಲ್ಲಿನಂತೆ ಗಟ್ಟಿಯಾಗುವವರೆಗೆ ಕಾಯಬೇಕು. ಅದರ ಮರುದಿನ ಮೊದಲ ಕಬ್ಬಿಣ ಇಳಿಸಿ, ಗೋಡೆ ಹಿಡಿದಿದೆ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಅರ್ಧ ದಿನ ರಜೆ ಕೇಳಿ, ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಖಾನಾಪುರದ ಕಾಲೇಜಿಗೆ ಹೋದೆ.

ಕ್ಲರ್ಕ್ ಅಕ್ಕಾರು ನನ್ನ ಮುಖ ನೋಡಿ ಕನ್ನಡಕ ತೆಗೆದರು.

"ಈಗ ಬಂದ್ರ ಹೆಂಗ್ರಿ? ನಿನ್ನಿ ಸಂಜಿಗೇ ಮುಗೀತಲ್ಲ."

"ಏನ ಮುಗೀತು?"

"ಫಾರ್ಮ ತುಂಬೂದು. ಕಂಪ್ಯೂಟರಿನ್ಯಾಗ ಬಂದ್ ಆತು. ಇನ್ನ ನಾ ಏನೂ ಮಾಡಾಕ ಬರೂದಿಲ್ಲ."

ಕಿವಿಯಲ್ಲಿ ಕುಲುಮೆಯ ಗುಂಯ್ ಸದ್ದು ಬಂದಂತಾಯಿತು. "ನೀವs ಅಂದ್ರಿ. ಫೋನಿನ್ಯಾಗ ಅಂದ್ರಿ, ಅವಕಾಶ ಐತಿ ಅಂತ."

"ಅಂದೆ. ಪಾಸಾದವ್ರಿಗೂ ಅವಕಾಶ ಐತಿ ಅಂತ ಅಂದೆ. ಬಂದು ತುಂಬ್ರಿ ಅಂತನೂ ಅಂದೆ."

"ಅವಕಾಶ ಐತಿ ಅಂದ್ರ ಇನ್ನೂ ದಿನಾ ಅದಾವು ಅಂತ ಅಲ್ಲೇನ್ರಿ?"

ಅವರು ಪೆನ್ನು ಕೆಳಗಿಟ್ಟರು. "ಯಾರ್ ಹಂಗ ಅಂತಾರ?"

"ನಮ್ಮ ಮನ್ಯಾಗ ಎಲ್ಲಾರೂ ಅಂತಾರ್ರಿ."

ನಿಜಕ್ಕೂ ಹಾಗೇ. ನನ್ನ ತಾಯಿಮಾತು ಕನ್ನಡ. ಆದರೆ ಕಲಿತದ್ದು ಮರಾಠಿ ಸಾಲಿ. ಹೆಂಡತಿ ಲೋಂಡಾ ಕಡೆಯ ಮರಾಠಿ ಮನೆತನದವಳು, ಮನೆಯೊಳಗೆ ಮಾತೆಲ್ಲ ಮರಾಠಿ. ಕುಲುಮೆಯಲ್ಲಿ ನನ್ನ ಕೈಕೆಳಗೆ ದುಡಿಯುವ ಜೋಡಿದಾರನೂ ಮರಾಠಿಯವನು. ಬಸ್ಸಿಗೆ ಇನ್ನೂ ಹೊತ್ತಿದ್ದರೆ, ಅಡುಗೆ ಆಗಲು ತಡವಿದ್ದರೆ, ಮಳೆ ಹಿಡಿಯಲು ದಿನ ಉಳಿದಿದ್ದರೆ ನಾವು 'ಅವಕಾಶ ಆಹೆ' ಅನ್ನುತ್ತೇವೆ. ಅವಸರ ಬೇಡ, ಟೈಮು ಅದೆ ಎಂದು ಅರ್ಥ. ಅಕ್ಕಾರು ಹೇಳಿದ್ದು ಬಾಗಿಲು ತೆರೆದಿದೆ, ಲಗೂನ ಬಾ ಎಂದು. ನಾನು ಕೇಳಿಸಿಕೊಂಡದ್ದು ನಿಧಾನವಾಗಿ ಬಾ ಎಂದು. ಶಬ್ದ ಒಂದೇ. ಅದನ್ನು ಕೇಳಿ ಸಮಾಧಾನದಿಂದ ಮೂರು ದಿನ ಕುಲುಮೆಯ ಮುಂದೆ ನಿಂತಿದ್ದೆ.

ಸಿಟ್ಟು ಯಾರ ಮೇಲೆ ಮಾಡಬೇಕು ತಿಳಿಯಲಿಲ್ಲ. ಅವರ ಮೇಲೆ ಮಾಡಿದೆ. ಕಚೇರಿಯೊಳಗೆ ದನಿ ಏರಿಸಿದೆ. ಅವರು ಗ್ಲಾಸಿನಲ್ಲಿ ನೀರು ಕೊಟ್ಟರು. ನಾನು ಕುಡಿಯದೆ ಹೊರಗೆ ಬಂದೆ.

ಆ ತಿಂಗಳು ನಾನು ಏನೇನು ಮಾಡಿದೆ ಎಂದು ಬರೆಯಲು ಈಗಲೂ ನಾಚಿಕೆ. ಹುಬ್ಬಳ್ಳಿಗೆ, ಧಾರವಾಡಕ್ಕೆ, ಗದಗಕ್ಕೆ ಫೋನ್ ಹಚ್ಚಿದೆ. ಎಲ್ಲ ಕಡೆ ಅದೇ ನಲವತ್ತೆರಡು. ಒಬ್ಬರು "ಯಾರಿಗಿ ಬೇಕಾಗಿತ್ರಿ, ಮಕ್ಕಳಿಗೇನು?" ಎಂದು ಕೇಳಿದಾಗ ಹೌದು ಅಂದುಬಿಟ್ಟೆ. ಬೆಳಗಾವಿ ಬಸ್‌ಸ್ಟ್ಯಾಂಡಿನ ಬಾಜೂ ಚಹಾದ ಅಂಗಡಿಯಲ್ಲಿ ಒಬ್ಬ ಏಜೆಂಟನ ಪರಿಚಯವಾಯಿತು. ಬೇರೆ ರಾಜ್ಯದ ಯಾವುದೋ ಬೋರ್ಡಿನಿಂದ, ಪರೀಕ್ಷೆಗೆ ಕೂಡದೆಯೇ, ಅರವತ್ತರ ಅಂಕಪಟ್ಟಿ ತರಿಸಿಕೊಡುತ್ತೇನೆ ಅಂದ. ಅವನ ನಂಬರನ್ನು ನಾನು ಫೋನಿನಲ್ಲಿ ಉಳಿಸಿಕೊಂಡೆ. ಒಂದು ವಾರ ಅಳಿಸಲಿಲ್ಲ. ಸುಳ್ಳು ಕಾಗದ ಹಿಡಿದು ಕಾಯ್ದೆ ಕಲಿಯಲು ಹೋಗುವುದು ಎಷ್ಟು ಹೊಲಸು ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಅಳಿಸಲಿಲ್ಲ.

ಫೌಂಡ್ರಿಯಲ್ಲಿ ದಿನಾ ಕೇಳುವವರಿದ್ದರು. "ವಕೀಲಸಾಹೇಬ, ಕರೀ ಕೋಟಿಂದು ಅಳತಿ ಕೊಟ್ರ್ಯಾ?" "ನಮ್ಮ ಖಟ್ಲೇಕ್ಕ ತಾರೀಖು ಯಾವಾಗ್ರಿ?" ಮೊದಲಾದರೆ ತಿರುಗಿ ಎರಡು ಮಾತು ಹಾಕುತ್ತಿದ್ದೆ. ಈಗ ಕೇಳಿಸದವನಂತೆ ಕುಲುಮೆಯೊಳಗೆ ಇಣುಕುತ್ತಿದ್ದೆ. ಮನೆಯಲ್ಲಿ ಹೆಂಡತಿಗೆ ಹೇಳಿದ್ದು ಒಂದೇ ಮಾತು, ಈ ವರ್ಷ ಸಾಧ್ಯವಿಲ್ಲ ಎಂದು. ಅವಳು ರೊಟ್ಟಿ ತಟ್ಟುತ್ತ, "ಅಹೋ, ಯಾರು ಸಾಧ್ಯವಿಲ್ಲ ಅಂದರು?" ಅಂತ ಮರಾಠಿಯಲ್ಲಿ ಕೇಳಿದಳು. ನಾನು ಎದ್ದು ಹೋದೆ.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಕ್ಲರ್ಕ್ ಅಕ್ಕಾರಿಂದಲೇ ಫೋನ್ ಬಂತು.

"ಮೂರನೇ ಪರೀಕ್ಷಾದ ಫಾರ್ಮ ಇವತ್ತ ಚಾಲೂ ಆಗ್ಯಾವು. ಅವಕಾಶ ಐತಿ, ಟೈಮ್ ಇಲ್ಲ. ತಿಳೀತಿಲ್ರಿ?"

"ತಿಳೀತ್ರಿ."

"ಈಗ ಬಂದವ್ರು ಈಗs ತುಂಬಬೇಕು. ಈ ವರ್ಷ ಪಾಸಾದವ್ರಿಗಿ ಇದs ಕಡೀದು. ಇದು ಹ್ವಾದ್ರ ನಿಮ್ಮ ಅಂಕಪಟ್ಟಿ ಹಿಂಗs ಉಳೀತೈತಿ ನೋಡ್ರಿ."

ಪಾಳಿ ಮುಗಿಯಲು ಇನ್ನೂ ಹೊತ್ತಿತ್ತು. ಸುಪರ್‌ವೈಸರ್ ಹತ್ತಿರ ಹೋದೆ. ಕುಲುಮೆ ತಿಳಿದ ಇನ್ನೊಬ್ಬ ಗೋವಾಕ್ಕೆ ಹೋಗಿ ಸೇರಿಕೊಂಡಿದ್ದರಿಂದ ಅವರ ಕೈ ಕಟ್ಟಿದಂತಾಗಿತ್ತು. ಈಗ ಬೇಕಾದರೆ ಹೋಗಿ, ಆದರೆ ಪರೀಕ್ಷೆಗೆಂದು ಒಂದೇ ದಿನ ರಜೆ, ಎರಡನೆಯ ದಿನ ಕೇಳಬೇಡಿ ಅಂದರು. ಒಂದು ದಿನವೆಂದರೆ ಒಂದು ವಿಷಯ. ಬಸ್ಸಿನಲ್ಲಿ ಬರುತ್ತ ಇಂಗ್ಲಿಷ್ ಎಂದು ತೀರ್ಮಾನಿಸಿದೆ. ಮೂವತ್ತಾರು ಬಂದಿದ್ದು ಅದರಲ್ಲೇ, ಎಲ್ಲಕ್ಕಿಂತ ಕಡಿಮೆ. ಕನ್ನಡದಲ್ಲಿ ಮೂವತ್ತೆಂಟು. ಆದರೆ ಕನ್ನಡ ನನ್ನದು. ಬೇಕಾದರೆ ಮರಾಠಿ ತಗೋಬಹುದಾಗಿತ್ತು, ತಗೊಂಡಿದ್ದರೆ ಸಲೀಸು ಅರವತ್ತು ಬೀಳುತ್ತಿತ್ತು. ತಾಯಿಮಾತು ಬಿಟ್ಟು ಬೇರೆ ಯಾಕೆ ಎಂದು ನಾನೇ ಹಟ ಹಿಡಿದಿದ್ದೆ.

ಅಕ್ಕಾರು ಫಾರ್ಮು ತೆರೆದಿಟ್ಟುಕೊಂಡು ಕಾದಿದ್ದರು. ಬೈದು ಹೋದವನಿಗೆ ಕುರ್ಚಿ ಎಳೆದು ಕೊಟ್ಟರು. "ಮೊದಲ ಕುಂದರ್ರಿ. ಯಾವ ವಿಷಯ?"

"ಇಂಗ್ಲಿಷ್ ರೀ."

"ತಡೀರಿ. ಒಂದು ಕೇಳ್ತೀನಿ. ಆಗ್ರಹ ಅಂದ್ರೇನು?"

ಇದೇನು ಪರೀಕ್ಷೆ ಎಂದು ಒಳಗೊಳಗೆ ಉರಿದರೂ ಹೇಳಿದೆ. "ಬೀಗರು ಬಂದಾಗ ಇನ್ನೊಂದು ಹೋಳಿಗಿ ಹಾಕ್ಕೋರಿ ಅಂತ ಪ್ರೀತೀಲೆ ಒತ್ತಾಯ ಮಾಡೂದ್ರಿ."

ಅವರು ಸೆರಗು ಬಾಯಿಗೆ ಒತ್ತಿಕೊಂಡರು. ನಕ್ಕಿದ್ದು ಸ್ಪಷ್ಟ ಕಾಣಿಸಿತು. "ಕನ್ನಡದಾಗ ಆಗ್ರಹ ಅಂದ್ರ ಸಿಟ್ಟು. ಇಲ್ಲಾ, ಬೇಕs ಬೇಕು ಅಂತ ಹಕ್ಕಿಲೆ ಕೇಳೂದು. ಪ್ರೀತಿದ್ದಲ್ಲ, ಹೋಳಿಗಿದ್ದಂತೂ ಅಲ್ಲs ಅಲ್ಲ."

ನನಗೆ ಮಾರ್ಚಿನ ಪ್ರಶ್ನೆಪತ್ರಿಕೆ ನೆನಪಾಯಿತು. ಗದ್ಯಭಾಗ ಓದಿ ಉತ್ತರಿಸಿ ಎಂದಿತ್ತು. ರಾಜನ ಆಗ್ರಹಕ್ಕೆ ಮಂತ್ರಿ ಏಕೆ ಹೆದರಿದನು ಎಂಬ ಪ್ರಶ್ನೆ. ರಾಜನು ಬಹಳ ಪ್ರೀತಿಯಿಂದ ಉಣಬಡಿಸಿದ್ದರಿಂದ ಹೊಟ್ಟೆ ಕೆಡಬಹುದೆಂದು ಮಂತ್ರಿ ಹೆದರಿದನು ಅಂತ ಏನೋ ಬರೆದು ಬಂದಿದ್ದೆ. ಒಳ್ಳೆಯ ಉತ್ತರ ಎಂದು ಬಸ್ಸಿನಲ್ಲಿ ಖುಷಿಯೂ ಪಟ್ಟಿದ್ದೆ.

ಅದನ್ನು ಹೇಳಿದ ಮೇಲೆ ಅವರು ಸೆರಗು ತೆಗೆದು ಬಾಯ್ತುಂಬ ನಕ್ಕರು. ಆಮೇಲೆ ಒಂದು ಹಾಳೆ ಕೊಟ್ಟು, ನಾಲ್ಕು ಸಾಲು ಹೇಳಿ ಬರೆಸಿದರು. ಊರಿನ ಕೆರೆ ತುಂಬಿತ್ತು, ಬೆಳೆ ಚೆನ್ನಾಗಿ ಬಂದಿತ್ತು, ಅಂಥ ಮಾತು. ಓದಿ ನೋಡಿದರು.

"ಊರಿನ ಕೇರೆ ತುಂಬಿತ್ತು ಅಂತ ಬರದೀರಿ. ಕೇರೆ ಅಂದ್ರ ಹಾವು. ಊರ್ ತುಂಬ ಹಾವು ತುಂಬಿದ ಮ್ಯಾಲ ಬ್ಯಾಳಿ ಚಲೋ ಬಂದಿತ್ತಂತ. ಬೆಳೆ ಅಲ್ಲ, ಬೇಳೆ."

ನಾನು ಹಾಳೆ ಇಸಗೊಂಡು ನೋಡಿದೆ. ಬಾಯಲ್ಲಿ ಸರಿಯಾಗಿಯೇ ಇದ್ದದ್ದು ಕೈಯಲ್ಲಿ ತಪ್ಪಾಗಿತ್ತು. ಮರಾಠಿಯಲ್ಲಿ 'ಎ' ಒಂದೇ, 'ಒ' ಒಂದೇ. ಗಿಡ್ಡದ್ದು ಉದ್ದದ್ದು ಎಂಬ ಭೇದ ಬರವಣಿಗೆಯಲ್ಲಿಲ್ಲ. ಮೊದಲು ಕೈಗೆ ಬಂದ ಅಕ್ಷರ ಅದೇ ಆದದ್ದರಿಂದ ನನ್ನ ಕೈಗೆ ಆ ಭೇದ ಹತ್ತಿರಲೇ ಇಲ್ಲ. ವಯಸ್ಸು ನಲವತ್ತರ ಹತ್ತಿರ ಬಂದರೂ ಪರೀಕ್ಷಕರ ಹೊರತು ಯಾರೂ ನನ್ನ ಕನ್ನಡ ಬರವಣಿಗೆ ನೋಡಿರಲಿಲ್ಲ, ನಾನೂ ತೋರಿಸಿರಲಿಲ್ಲ.

"ಇಂಗ್ಲಿಷಿನ್ಯಾಗ ನಿಮಗ ಬರೂದಿಲ್ಲ, ಅದಕ್ಕ ಅಂಕ ಬಂದಿಲ್ಲ," ಅಂದರು ಅಕ್ಕಾರು. "ಅದನ್ನ ಈಗ ಕಲ್ಯಾಕ ಆಗೂದಿಲ್ಲ. ಕನ್ನಡ ಬರತೈತಿ, ಆದ್ರೂ ಅಂಕ ಬಂದಿಲ್ಲ. ಸೋರೂದು ಅಲ್ಲಿ. ನಾ ಸಾಲಿ ಮಾಸ್ತರ ಅಲ್ಲ, ಖರೆ ನನಗ ಹಂಗ ಅನಸ್ತೈತಿ. ನಿಮ್ಮ ಮರ್ಜಿ."

ನನಗೆ ಕನ್ನಡ ಬರೆಯಲು ಬರುವುದಿಲ್ಲ ಎಂದು ಇಷ್ಟು ಸರಳವಾಗಿ ಯಾರಾದರೂ ಹೇಳಿದ್ದರೆ ಹಿಂದೆ ನಾನು ಎದ್ದು ಹೋಗುತ್ತಿದ್ದೆ. ಆ ದಿನ ಏಳಲಿಲ್ಲ. ಕನ್ನಡ ಅಂತಲೇ ತುಂಬ್ರಿ ಅಂದೆ.

ಆಮೇಲಿನ ದಿನಗಳು ಓದಿನವಲ್ಲ, ಬರೆಯುವವು. ರಜೆಯ ದಿನ ಕಾಲೇಜಿನ ಕಚೇರಿಗೆ ಹೋದರೆ ಅಕ್ಕಾರು ಊಟದ ಡಬ್ಬಿ ಬಿಚ್ಚುತ್ತ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಫೌಂಡ್ರಿಯಲ್ಲಿ ಕಬ್ಬಿಣ ಕರಗುವವರೆಗೆ ಸ್ವಲ್ಪ ಪುರುಸೊತ್ತು ಸಿಗುತ್ತದೆ. ಕುಲುಮೆಯ ಪಕ್ಕದ ತಗಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆಯತೊಡಗಿದೆ. ಕೊಡೆ, ಕೋಡು. ಬೆಲೆ, ಬೇಲಿ. ಮೊಸರು, ಮೋಸ. ಅದರ ಕೆಳಗೆ ಅರ್ಥ ಬದಲಾಗುವ ಶಬ್ದಗಳು. ಅನುಮಾನ ಅಂದರೆ ನನಗೆ ಅಂದಾಜು, ಕನ್ನಡದಲ್ಲಿ ಸಂಶಯ. ಉದ್ಯೋಗ ಅಂದರೆ ನನಗೆ ಕಾರ್ಖಾನೆ, ಕನ್ನಡದಲ್ಲಿ ನೌಕರಿ. ಜೋಡಿದಾರನಿಗೆ ಕನ್ನಡ ಓದಲು ಬಾರದು. ಅವನು ಗೋಡೆಗೆ ಕೈಮುಗಿದು, ತನ್ನ ಮರಾಠಿ ಬೆರೆಸಿದ ಕನ್ನಡದಲ್ಲಿ, "ಭಾವು, ಹೇ ಕಾಯ, ಏನ್ ಮಂತ್ರ? ಕಬ್ಬಿಣ ಲಗೂ ಕರಗತೈತಿ ಕಾಯ?" ಅನ್ನುತ್ತಿದ್ದ.

"ಕರಗೂದು ನಾನು," ಅಂದೆ ಒಮ್ಮೆ.

ಇದರಿಂದ ಆಗುತ್ತದೆ ಎಂಬ ಭರವಸೆ ನನಗಿರಲಿಲ್ಲ. ಒಂದು ದಿನ ಸರಿಯಾಗಿ ಬರೆದದ್ದನ್ನು ಮರುದಿನ ಕೈ ಮರೆಯುತ್ತಿತ್ತು. ಅಕ್ಕಾರು ಕೆಂಪು ಗೆರೆ ಎಳೆದ ಹಾಳೆ ಬಸ್ಸಿನಲ್ಲಿ ತೆಗೆದು ನೋಡಿದರೆ ಬಾಜೂ ಕೂತವರು ಬಗ್ಗಿ ನೋಡುತ್ತಿದ್ದರು. ಮಡಚಿ ಕಿಸೆಗೆ ಹಾಕಿಕೊಂಡು ಹೊರಗಿನ ಮಳೆ ನೋಡುತ್ತ ಕೂತಿರುತ್ತಿದ್ದೆ. ಏಜೆಂಟನ ನಂಬರು ಅಳಿಸಿದ್ದು ಅಂಥ ಒಂದು ದಿನ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ಆ ಕೆಂಪು ಗೆರೆಗಳ ಮೇಲೆ ಅಷ್ಟು ಹೊತ್ತು ಕಳೆದ ಮೇಲೆ ಅದು ಇದ್ದರೆ ಹೇಸಿಗೆ ಅನಿಸಿತು, ಅಷ್ಟೇ.

ಪರೀಕ್ಷೆಗೆ ಇನ್ನು ಒಂದೇ ದಿನವಿದ್ದಾಗ ಕುಲುಮೆಯ ಗಂಟೆ ಹೊಡೆಯಿತು.

ಆ ಗಂಟೆ ಹೊಡೆದರೆ ಒಂದೇ ಅರ್ಥ. ಒಳಗೋಡೆಯಲ್ಲಿ ಎಲ್ಲೋ ಬಿರುಕು, ಕಬ್ಬಿಣದ ಎಳೆ ಸುರುಳಿಯ ಕಡೆ ಹೊರಟಿದೆ. ಕರೆಂಟು ತೆಗೆದು, ಕುಲುಮೆ ಬಗ್ಗಿಸಿ, ಇದ್ದ ಕಬ್ಬಿಣವನ್ನೆಲ್ಲ ಸುರಿದೆವು. ತಣ್ಣಗಾದ ಮೇಲೆ ಇಳಿದು ನೋಡಿದರೆ ಪಕ್ಕದ ಗೋಡೆಯಲ್ಲಿ ಬೆರಳಗಲ ಕಪ್ಪು ಗೆರೆ. ಇಷ್ಟು ಬೇಗ ಯಾಕೆ ಹೋಯಿತು ಎಂದು ಖಾತ್ರಿಯಾಗಿ ಹೇಳಲಾರೆ. ಫೋನ್ ಹಿಡಿದುಕೊಂಡೇ ಕಡ್ಡಿ ಹಾಕಿದ ಜಾಗ ಅದೇ ಇರಬಹುದು ಎಂದು ನನ್ನ ಸಂಶಯ. ಸುಪರ್‌ವೈಸರ್ ಬಂದು ನೋಡಿದರು. "ಇವತ್ತs ಹೊಸಾದು ಹಾಕ್ರಿ. ನಾಳೆ ಕಾಸ್ರಿ. ಮಾಲು ಹೋಗಬೇಕು."

"ನಾಳೆ ನನ್ನ ರಜಾ ಐತ್ರಿ."

"ಕುಲುಮಿ ನಿಂತೈತಿ, ನೀವು ರಜಾ ಅಂತೀರಿ. ನಿಮ್ಮನ್ನ ಬಿಟ್ಟು ಯಾರಿಗಿ ಬರತೈತಿ ಅದು? ನೀವs ಯಾರಿಗಿ ಕಲಿಸೀರಿ?"

ಇಷ್ಟು ವರ್ಷ ನಾನು ಆ ಮಾತನ್ನು ಹೊಗಳಿಕೆ ಎಂದು ಕೇಳಿಸಿಕೊಳ್ಳುತ್ತಿದ್ದೆ. ನನ್ನನ್ನು ಬಿಟ್ಟರೆ ಕುಲುಮೆ ನಡೆಯುವುದಿಲ್ಲ ಎಂದು ಎಲ್ಲರೂ ಹೇಳಬೇಕು, ಅದಕ್ಕೇ ಜೋಡಿದಾರನನ್ನು ಪುಡಿ ಹೊರಲು, ಕಸ ಬಳಿಯಲು ಮಾತ್ರ ಇಟ್ಟುಕೊಂಡಿದ್ದೆ. ಈಗ ಅದೇ ಹಗ್ಗವಾಗಿ ನನ್ನ ಕಾಲಿಗೆ ಬಿದ್ದಿತ್ತು.

ಹಳೆಯ ಗೋಡೆ ಒಡೆದು ತೆಗೆದೆವು. ಹೊಸ ಪುಡಿಯ ಮೊದಲ ಪದರು ಹಾಕಿದ ಮೇಲೆ ಕಡ್ಡಿಯನ್ನು ಜೋಡಿದಾರನ ಕೈಗೆ ಕೊಟ್ಟೆ.

"ನೀ ಚುಚ್ಚು. ನಾ ನೋಡ್ತೀನಿ."

"ಮೀ? ನಾನs?" ಅಂದ. "ಕೈ ಹಚ್ಚಿದ್ರ ಬೈತಿದ್ದಿ ನೀ."

"ಈಗ ಹಚ್ಚಲಿಲ್ಲಂದ್ರ ಬೈತೀನಿ."

ಪದರು ಪದರಾಗಿ ಅವನ ಕೈಯಲ್ಲೇ ಹಾಕಿಸಿದೆ. ಕಡ್ಡಿ ಒಳಗೆ ಹೋಗುವಾಗ ಮೆತ್ತಗೆ ಜಾರಿದರೆ ಗಾಳಿ ಇದೆ, ಕರಕರ ಅಂದು ತಡೆದರೆ ಸರಿಯಾಗಿದೆ. ಆ ಕರಕರ ಬರುವವರೆಗೆ ಮುಂದಿನ ಪದರು ಹಾಕಬೇಡ ಎಂದೆ. ಕಾಯಿಸುವಾಗ ಮೊದಲು ಬೆವರಿನಂತೆ ಆವಿ ಬರುತ್ತದೆ, ಅದು ನಿಲ್ಲುವತನಕ ಶಾಖದ ಮೆಟ್ಟಿಲು ಏರಿಸಬೇಡ, ಸುಪರ್‌ವೈಸರ್ ಬಂದು ಬಾಜೂ ನಿಂತರೂ ಏರಿಸಬೇಡ ಎಂದೆ. ಅವನು ಪ್ರತಿಯೊಂದಕ್ಕೂ ಹೂಂ ಅಂದ. ಕೊನೆಗೆ ಕೇಳಿದ, "ಗೋಡಿ ಬಿದ್ರ?"

"ಬಿದ್ರ ನಾ ಹಾಕಿದ್ದಂತ ಹೇಳು."

ಸುಪರ್‌ವೈಸರಿಗೆ ಹೋಗಿ ಹೇಳಿದೆ, ನಾಳೆ ನಾನು ಬರುವುದಿಲ್ಲ, ಇವನು ಕಾಯಿಸುತ್ತಾನೆ ಎಂದು. ಗೋಡೆ ಹೋದರೆ ಕುಲುಮೆಯ ಹತ್ತಿರ ನಿಮ್ಮನ್ನು ಬಿಡುವುದಿಲ್ಲ ಅಂದರು. ಆಗಲಿ ಅಂದೆ. ಬಸ್ಸು ಹತ್ತುವವರೆಗೂ ಕಾಲುಗಳು ಹಿಂದಕ್ಕೇ ಎಳೆಯುತ್ತಿದ್ದವು.

ಪರೀಕ್ಷೆಯ ಕೋಣೆಯಲ್ಲಿ ನನ್ನ ಬೆಂಚು ಚಿಕ್ಕದು, ಮೊಣಕಾಲು ಕೆಳಗೆ ಹಿಡಿಸಲಿಲ್ಲ. ಒಂದು ಉತ್ತರ ಬರೆದು, ತಿರುಗಿ ಬಂದು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಉದ್ದವೋ ಗಿಡ್ಡವೋ ಎಂದು ತುಟಿಯಲ್ಲೇ ಅಂದು ನೋಡಿ, ತಿದ್ದಿ, ಮುಂದಿನದಕ್ಕೆ ಹೋದೆ. ನಡುನಡುವೆ ತಲೆ ಫೌಂಡ್ರಿಗೆ ಓಡುತ್ತಿತ್ತು. ಈಗ ಆವಿ ನಿಂತಿರಬೇಕು, ಈಗ ಎರಡನೆಯ ಮೆಟ್ಟಿಲು ಎಂದು. ಮೇಲ್ವಿಚಾರಕರು ಕೊನೆಯ ಗಂಟೆಗೆ ಹಾಳೆ ಕಸಿದುಕೊಂಡಾಗ ಪ್ರಬಂಧದ ಕೊನೆಯ ಭಾಗ ಉಳಿದೇ ಇತ್ತು. ಅದಕ್ಕೆ ಎಷ್ಟು ಅಂಕ ಹೋಗಬಹುದು ಎಂದು ಅಂಗಳದಲ್ಲಿ ನಿಂತು ಲೆಕ್ಕ ಹಾಕಿದೆ. ಯಾವ ರೀತಿ ಹಾಕಿದರೂ ಆರು ಹೆಚ್ಚು ಸಿಗುವ ಹಾಗೆ ಕಾಣಲಿಲ್ಲ.

ಫೋನ್ ಚಾಲೂ ಮಾಡಿ ಜೋಡಿದಾರನಿಗೆ ಹಚ್ಚಿದೆ.

"ಕಾಯ ಝಾಲಾ?"

"ಏನೂ ಆಗಿಲ್ಲ. ಮೆಟ್ಟಲಾ ಮೆಟ್ಟಲಾ ಏರಸಾಕತ್ತೀನಿ. ಸಾಹೇಬ್ರು ಎರಡ ಸಲಾ ಬಂದ್ರು, ಲಗೂ ಮಾಡು ಅಂದ್ರು, ನಾ ಕಿವುಡ ಆದೆ." ಆಮೇಲೆ, "ಇವತ್ತ ಭಾಳ ಶಾಂತ ಐತಿ ಇಲ್ಲಿ. ಯಾರೂ ಬೈಯಾಂವಿಲ್ಲ," ಅಂದ.

ಗೋಡೆ ಹಿಡಿಯಿತು. ಮರುದಿನ ನಾನು ಬ್ಯಾಟರಿ ಹಿಡಿದು ಸುತ್ತ ನೋಡಿದೆ. ನನ್ನದರಷ್ಟೇ ಚೆನ್ನಾಗಿತ್ತು. ಅದು ಖುಷಿಯ ವಿಷಯ. ಆದರೂ ಆ ದಿನ ಚಹಾ ರುಚಿ ಹತ್ತಲಿಲ್ಲ ಎಂಬುದೂ ಖರೇ.

ಫಲಿತಾಂಶದವರೆಗೆ ನಾನು ಯಾರ ಹತ್ತಿರವೂ ಅದರ ಮಾತೆತ್ತಲಿಲ್ಲ. ಗೋಡೆಯ ಮೇಲಿನ ಸೀಮೆಸುಣ್ಣವನ್ನು ಒದ್ದೆ ಅರಿವೆಯಿಂದ ಒರೆಸಿಬಿಟ್ಟೆ. ಸೇರುವ ಆಸೆ ಒಳಗೆ ಸತ್ತಿತ್ತು ಎಂದೇ ಹೇಳಬೇಕು. ಇನ್ನು ಯಾರಾದರೂ ವಕೀಲಸಾಹೇಬ ಅಂದರೆ ಹಾಗೆ ಅನ್ನಬೇಡಿ ಎಂದು ಹೇಗೆ ಹೇಳಬೇಕು, ಅದನ್ನಷ್ಟೇ ಯೋಚಿಸುತ್ತಿದ್ದೆ.

ಅಕ್ಕಾರ ಫೋನ್ ಬಂದಾಗ ಕುಲುಮೆ ತುಂಬಿತ್ತು. ಜೋಡಿದಾರನಿಗೆ ಕೈಸನ್ನೆ ಮಾಡಿ ಹೊರಗೆ ಬಂದೆ.

"ಕನ್ನಡದಾಗ ನಲವತ್ತನಾಕು," ಅಂದರು.

"ಮೊದಲು ಮೂವತ್ತೆಂಟು ಇತ್ರಿ."

"ನನಗ ಗೊತ್ತೈತಿ. ಲೆಕ್ಕಾ ನೀವs ಮಾಡ್ರಿ. ನಾ ಮೂರ ಸಲಾ ಮಾಡೀನಿ."

ನಾನು ಬೆರಳು ಮಡಚುತ್ತ ಎಣಿಸಿದೆ. ಆರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮುಗಿಸದೆ ಬಿಟ್ಟ ಪ್ರಬಂಧ ನೆನಪಾಗಿ, ಯಾರೋ ಕುತ್ತಿಗೆ ಹಿಡಿದು ಬಾವಿಯಂಚಿಗೆ ಒಯ್ದು ಹಿಂದಕ್ಕೆ ಎಳೆದಂತಾಯಿತು. ಅಕ್ಕಾರಿಗೆ, ಆವತ್ತು ನೀರು ಕುಡಿಯದೆ ಬಂದೆ, ತಪ್ಪಾಯಿತು ಅಂದೆ. "ಹೊಳ್ಳಿ ಬಂದಾಗ ಕುಡೀರಿ," ಅಂದರು.

ಲಾ ಕಾಲೇಜಿಗೆ ಹೆಂಡತಿಯೂ ಬಂದಳು. ಬಾ ಎಂದು ನಾನು ಕರೆದಿರಲಿಲ್ಲ. ಯಾರು ಸಾಧ್ಯವಿಲ್ಲ ಅಂದವರು, ಅವರನ್ನು ನೋಡಬೇಕು ಅಂದಳು. ಕಿಟಕಿಯಲ್ಲಿ ಅದೇ ಗುಮಾಸ್ತರು. ಮೊತ್ತದ ಮೇಲೆ ಬೆರಳಿಟ್ಟು ಕ್ಯಾಲ್ಕುಲೇಟರ್ ಒತ್ತಿದರು. ನಂಬದೆ ಅಳಿಸಿ ಮತ್ತೊಮ್ಮೆ ಒತ್ತಿದರು.

"ನಲವತ್ತೆರಡು. ಮುಂದ ಏನೂ ಇಲ್ಲ, ಬರೇ ಸೊನ್ನಿ."

"ಸಾಕಲ್ರಿ?"

"ಸಾಕ್ರಿ." ಫಾರ್ಮು ಕೊಟ್ಟರು. ನಾನು ನಿಂತೇ ತುಂಬಿದೆ. ಹೆಸರು, ಊರು, ಉದ್ಯೋಗ ಎಂಬಲ್ಲಿ ಕುಲುಮೆ ಕೆಲಸ. ಎಲ್ಲ ಸಹಿ ಮುಗಿಸಿ ಕಿಟಕಿಯೊಳಗೆ ಸರಿಸಿದೆ. ಅವರು ಓದುತ್ತ ಹೋಗಿ ಒಂದು ಕಡೆ ನಿಂತರು.

"ಇಲ್ಲಿ ಪಾಲಕರ ಸಹಿ ಬೇಕ್ರಿ."

"ನನಗ ಯಾರ ಪಾಲಕರು? ಅಪ್ಪಾ ಹೋಗಿ ಎಷ್ಟೋ ವರ್ಷ ಆತು."

"ಅದು ನನಗ ತಿಳೀತದ. ಖರೆ ಫಾರ್ಮಿನ ಈ ಮನಿ ಖಾಲಿ ಬಿಟ್ರ ಕಂಪ್ಯೂಟರು ಮುಂದ ಹೋಗಂಗಿಲ್ಲ. ಯಾರರ ಒಬ್ಬರು ಹಾಕಬೇಕು."

ನಾನು ಹಿಂದೆ ನೋಡಿದೆ. ಹೆಂಡತಿ ಗೋಡೆಗೆ ಹಚ್ಚಿದ ಹಾಜರಿಯ ನಿಯಮಗಳನ್ನು ಕಾಗುಣಿತ ಕೂಡಿಸುತ್ತ ಓದುತ್ತಿದ್ದಳು. ಕರೆದು ಪೆನ್ನು ಕೊಟ್ಟೆ. ಎಲ್ಲಿ ಅಂದಳು. ತೋರಿಸಿದೆ. ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಊರಿ, ಮರಾಠಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ತನ್ನ ಹೆಸರು ಬರೆದಳು.

"ಸಂಬಂಧ ಏನಂತ ಹಾಕ್ಲಿ?" ಗುಮಾಸ್ತರು ಕೇಳಿದರು.

"ಹೆಂಡತಿ," ಅಂದೆ.

ಅವರು ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿ, ಬರೆದುಕೊಂಡರು. ಶಿಕ್ಕಾ ಒತ್ತಿ ರಸೀದಿಯನ್ನು ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡುವಷ್ಟರಲ್ಲಿ ಅವಳು ಇಸಗೊಂಡಳು. ಮಡಚಿ ತನ್ನ ಪರ್ಸಿಗೆ ಹಾಕಿಕೊಳ್ಳುತ್ತ, ಕಿಟಕಿಯೊಳಗೆ ಬಗ್ಗಿ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಕೇಳಿದಳು.

"ಇವ್ರು ಕ್ಲಾಸಿಗಿ ಬರಲಿಲ್ಲಂದ್ರ ಚೀಟಿ ನನಗs ಕಳಸ್ತೀರಿ ಹೌದಲ್ರಿ?"